ಚೆನ್ನಿಯ ಮೂರನೆಯ ಭಾಗ

ಹೊರಕೆರೆದೇವಪುರ
೧೨-೮-೧೯೭೪

ಸಂಪಾದಕರಿಗೆ ನಮಸ್ಕಾರ.

‘ಬೆಟ್ಟದ ಚೆನ್ನಿ’ ಚಿತ್ರಕಥೆಯ ಮೂರನೆಯ ಭಾಗ ಸಪ್ಪೆ, ನಿಲ್ಲಿಸಿ ಎಂದು ಬಾಗೂರಿನ ಮೂರ್ತಪ್ಪ ಬರೆದದ್ದನ್ನು ನಿಮ್ಮ ವಾರಪತ್ರಿಕೆಯಲ್ಲಿ ಅಚ್ಚು ಹಾಕಿದ್ದೀರಿ. ಅವರು ನನ್ನ ಯಜಮಾನರು. “ಒಂದು ಏಟಿಲ್ಲ, ಒದೆಯಿಲ್ಲ, ಇದೂ ಒಂದು ಕಥೆ ಏನೇ?” ಅಂದರು. ನಾನು ಹೂಂ ಅಂದೆ.

ದಯವಿಟ್ಟು ನಿಲ್ಲಿಸಬೇಡಿ. ಎರಡು ಭಾಗ ಪೂರ್ತಿ ಹೆದರಿ ಓಡಿದ ಚೆನ್ನಿ ಈಗ ತನ್ನ ಗುಡಿಸಲಲ್ಲಿ ಅನ್ನ ಬೇಯಿಸಿ, ಉಂಡು, ನಿದ್ದೆ ಮಾಡುತ್ತಾಳೆ. ನನಗೆ ಅದೇ ಚೆಂದ.

ತವರಿಗೆ ಬಂದವಳು ಇದನ್ನು ಕದ್ದು ಅಂಚೆಗೆ ಹಾಕುತ್ತಿದ್ದೇನೆ. ಅಚ್ಚು ಹಾಕಬೇಡಿ, ಉತ್ತರವನ್ನೂ ಬರೆಯಬೇಡಿ. ಬಾಗೂರಿನಲ್ಲಿ ಅಂಚೆ ಹಂಚುವವರು ನಮ್ಮ ಯಜಮಾನರೇ. ಪತ್ರ ತಲುಪಿದ್ದರೆ ಮುಂದಿನ ಚಿತ್ರದಲ್ಲಿ ಚೆನ್ನಿಯ ಬಾಗಿಲಿಗೆ ಒಳಗಡೆ ಒಂದು ಚಿಲಕ ಬರೆಸಿ, ನನಗೆ ತಿಳಿಯುತ್ತದೆ. ನಮ್ಮ ಮನೆಯ ಬಾಗಿಲಿಗೆ ಚಿಲಕ ಹೊರಗಡೆ ಮಾತ್ರ ಇದೆ.

ಇಂತು,
ಏಕಾಂತಮ್ಮ