ಬೇಲಿಯಾಚೆಯ ಬಾಟಲಿಗಳು ಕಸವಲ್ಲ

ನಮ್ಮ ಕೌನ್ಸಿಲಿನಲ್ಲಿ ಸ್ಮಶಾನಗಳ ಉಸ್ತುವಾರಿ ಹೊತ್ತಿರುವ ಮಾನ್ಯರೇ,

ಬರುವ ಗುರುವಾರ ಬೆಳಿಗ್ಗೆ ಏಳಕ್ಕೆ ತಮ್ಮ ಯಂತ್ರ ಡೆವ್ಲಿನ್ ರಸ್ತೆಯ ಹಳೆಯ ಇಟಾಲಿಯನ್ ಸ್ಮಶಾನಕ್ಕೆ ಬರಲಿದೆ. ಹೊಸ ಬೇಲಿಗೆ ಕುಣಿ ತೋಡಿ, ಬೇಲಿಯ ಹೊರಗುಳಿಯುವ ಹದಿನೈದು ಅಡಿ ಅಗಲದ ನೆಲವನ್ನು ಕೆರೆದು ಮಟ್ಟಸ ಮಾಡಿ, ಜಲ್ಲಿ ಸುರಿದು, ನೋಡಲು ಬರುವವರ ಕಾರು ನಿಲ್ಲುವುದಕ್ಕೆ ಅಣಿ ಮಾಡಲಿದೆ. ಆ ಹದಿನೈದು ಅಡಿಯೊಳಗೆ ನಮ್ಮ ಕೂಸುಗಳನ್ನು ಹೂತಿದ್ದಾರೆ. ಯಂತ್ರವನ್ನು ನಿಲ್ಲಿಸಿ ಎಂದು ಕೇಳುವುದಕ್ಕೇ ಈ ಪತ್ರ. ತಮ್ಮ ಹೆಸರಿಗೆ ಬರೆದ ಎರಡು ಪತ್ರಗಳಿಗೂ "ತಮ್ಮ ಪತ್ರ ತಲುಪಿದೆ" ಎಂಬ ಒಂದೇ ಉತ್ತರ ಬಂದದ್ದರಿಂದ ಈಗ ಪತ್ರಿಕೆಯಲ್ಲಿ, ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ಒಂದು ಸಾಲು ಬರೆದು ಎದ್ದು ಕಿಟಕಿಗೆ ಹೋಗುತ್ತೇನೆ, ಮತ್ತೆ ಬಂದು ಕೂರುತ್ತೇನೆ. ಆದ್ದರಿಂದ ವಾಕ್ಯಗಳು ಅಲ್ಲಲ್ಲಿ ಎಡವಿದರೆ ಕ್ಷಮೆಯಿರಲಿ. ಗುರುವಾರಕ್ಕೆ ಇನ್ನು ಐದೇ ದಿನ.

ಮೊದಲು ತಮಗೆ ಸಲ್ಲಬೇಕಾದ ಕೃತಜ್ಞತೆಯನ್ನು ಸಲ್ಲಿಸಿಬಿಡುತ್ತೇನೆ, ಆಮೇಲೆ ಮರೆತೇನು. ಹನ್ನೊಂದು ವರ್ಷ ನಾನು ತಮ್ಮ ಕಚೇರಿಗೆ ಪತ್ರ ಬರೆದೆ. ಗಿನಿ ಹುಲ್ಲು ಆಳೆತ್ತರ ಬೆಳೆದಿದೆ, ಶಿಲುಬೆಗಳು ಮುರಿದಿವೆ, ಕಾಡುಹಂದಿಗಳು ಗೋರಿಗಳ ಅಂಚು ಕಿತ್ತಿವೆ, ಕಲ್ಲಿನ ಮೇಲಿನ ಪಿಂಗಾಣಿ ಫೋಟೋಗಳಿಗೆ ಯಾರೋ ಗುರಿಯಿಟ್ಟು ಗುಂಡು ಹೊಡೆದು ಆಡಿದ್ದಾರೆ ಎಂದೆಲ್ಲ ಬರೆದೆ. ಉತ್ತರ ಬಾರದಿದ್ದಾಗ ನಾನೂ ಪಕ್ಕದ ತೋಟದ ಒತ್ತಾವಿಯೋ ಬ್ರೆಸಾನನೂ ಇನ್ನು ನಾಲ್ಕಾರು ಮುದುಕ ಮುದುಕಿಯರೂ ಶನಿವಾರ ಶನಿವಾರ ಕತ್ತಿ ಹಿಡಿದು ಹೋಗಿ ಹುಲ್ಲು ಸವರಿದೆವು. ಆಗ ಮಾತ್ರ ತಮ್ಮ ಕಚೇರಿಗೆ ತಟ್ಟನೆ ಎಚ್ಚರವಾಯಿತು. ಸುರಕ್ಷತಾ ತರಬೇತಿ ಇಲ್ಲದವರು ಸ್ಮಶಾನದೊಳಗೆ ಕೆಲಸ ಮಾಡತಕ್ಕದ್ದಲ್ಲ ಎಂದು ಫಲಕ ನೆಟ್ಟಿರಿ. ಅಜ್ಜನ ಗೋರಿಯ ಮೇಲಿನ ಹುಲ್ಲು ಕೀಳಲು ಮೊಮ್ಮಗನಿಗೆ ಹೆಲ್ಮೆಟ್ಟು ಬೇಕೆಂದು ನಮಗೆ ಹೊಳೆದಿರಲಿಲ್ಲ. ಇರಲಿ. ಕೊನೆಗೆ ಈ ವರ್ಷ ಜೀರ್ಣೋದ್ಧಾರದ ಯೋಜನೆ ಮಂಜೂರಾಯಿತು. ಇಪ್ಪತ್ತೆರಡು ಪುಟ, ಬಣ್ಣದ ನಕ್ಷೆ, ನಲವತ್ತೊಂದು ಗೋರಿಗಳ ಹೆಸರುಪಟ್ಟಿ. ಆ ಪಟ್ಟಿ ಬರೆದುಕೊಟ್ಟವಳು ನಾನೇ. ಅವತ್ತು ಮನೆಯಲ್ಲಿ ಕೇಕ್ ಮಾಡಿದ್ದೆ.

ಆ ಯೋಜನೆಯ ಹದಿನಾಲ್ಕನೇ ಪುಟದಲ್ಲಿ ಒಂದು ಸಾಲಿದೆ. "ಪಶ್ಚಿಮದ ಬೇಲಿಯ ಹೊರಗೆ ಗಾಜಿನ ತ್ಯಾಜ್ಯ. ತೆರವುಗೊಳಿಸುವುದು." ಓದಿದಾಗ ನನಗೆ ಸಂತೋಷವೇ ಆಯಿತು. ಅದನ್ನೂ ಹೇಳಿಕೊಳ್ಳದೆ ವಿಧಿಯಿಲ್ಲ.

ಈ ನವೆಂಬರ್ ಎರಡರಂದು, ಸತ್ತವರ ಹಬ್ಬದ ದಿನ, ನನ್ನ ಅತ್ತೆ ಎರ್ಸಿಲಿಯಾ ತೆಸ್ಕಾರಿಯವರನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಅವರಿಗೆ ತೊಂಬತ್ತಮೂರು. ಮೊಣಕಾಲು ಕೈಕೊಟ್ಟು ನಾಲ್ಕು ವರ್ಷದಿಂದ ಅವರು ಅತ್ತ ಹೋಗಿರಲಿಲ್ಲ. ನಾನು ಮಾಡಿಸಿದ ಘನಕಾರ್ಯವನ್ನು ತೋರಿಸಿ ಶಹಬಾಸ್ ಅನ್ನಿಸಿಕೊಳ್ಳುವ ಆಸೆ ನನ್ನದು. ಮಾವನ ಗೋರಿಗೆ ಸೇವಂತಿಗೆ ಇಟ್ಟೆವು, ದೀಪ ಹಚ್ಚಿದೆವು. ಹೊರಗೆ ಬಂದಾಗ ತಮ್ಮವರು ಹೊಡೆದ ಗುಲಾಬಿ ಪಟ್ಟಿಯ ಗೂಟಗಳು ಅತ್ತೆಯ ಕಣ್ಣಿಗೆ ಬಿದ್ದವು.

"ಏನೇ ಇದು? ಬೇಲಿ ಇಲ್ಲಿಗೇ ಮುಗಿಯುತ್ತಾ?"

"ಹೂಂ ಅತ್ತೆ. ಈ ಕಡೆಯೆಲ್ಲ ಕಾರು ನಿಲ್ಲಿಸೋಕೆ. ಕುಡುಕರು ಬಾಟಲಿ ಎಸೆದು ಎಷ್ಟು ಗಲೀಜು ಮಾಡಿದ್ರು ನೋಡಿ, ಎಲ್ಲಾ ತೆಗೆಸ್ತಾರೆ."

ಅತ್ತೆ ಊರುಗೋಲಿನಿಂದ ಹುಲ್ಲು ಸರಿಸಿದರು. ಇನ್ನೊಂದು ಹೆಜ್ಜೆ, ಇನ್ನೊಂದಿಷ್ಟು ಹುಲ್ಲು. ಕೋಲಿನ ತುದಿ ಗಾಜಿಗೆ ತಾಗಿ ಟಣ್ಣೆಂದಿತು.

"ಕುಡುಕರಂತೆ! ನಿನ್ನ ಮಾವ ಕುಡುಕನೇನೇ?"

"ಅಯ್ಯೋ, ನಾನು ಹಾಗಂದ್ನಾ?"

"ಕುಡಿದಿದ್ದು ಹೌದು. ಎಸೆದಿದ್ದಲ್ಲ. ಅವನ ಕೈಯಾರೆ ಬೋರಲು ಹಾಕಿ ನೆಟ್ಟಿದ್ದು ಇದು. ನಿಮ್ಮ ಸಿಸಿಲಿಯೋರಿಗೆ ದೇವರು ಬಾಯಿ ಕೊಟ್ಟ, ಕಣ್ಣು ಕೊಡೋದು ಮರೆತ."

ಹೌದು, ನಾನು ಸಿಸಿಲಿಯವರ ಮನೆಯ ಹೆಣ್ಣು, ಕರಾವಳಿಯ ಕಡೆಯವಳು. ಡೆವ್ಲಿನ್ ರಸ್ತೆಯವರೆಲ್ಲ ಉತ್ತರ ಇಟಲಿಯ ವಿಚೆಂಝಾದ ಬೆಟ್ಟದವರು. ಸೊಸೆಯಾಗಿ ಬಂದು ನಲವತ್ತೊಂಬತ್ತು ವರ್ಷವಾದರೂ ಇವರ ಮನೆಯ ಒಂದು ಬಾಗಿಲು ನನಗೆ ತೆರೆದಿರಲಿಲ್ಲ ಎಂಬುದು ಅಂದು ಗೊತ್ತಾಯಿತು. ಅತ್ತೆ ಕಾರಿನ ಬಾಗಿಲು ಹಿಡಿದುಕೊಂಡು ನಿಂತೇ ಹೇಳಿದರು. ಸಾವಿರದ ಒಂಬೈನೂರ ಐವತ್ತಮೂರರ ಫೆಬ್ರವರಿ, ನಮ್ಮ ಕಡೆಯ ಮಳೆಗಾಲ. ಹೊಳೆ ಉಕ್ಕಿ ರಸ್ತೆಯೆಲ್ಲ ನೀರು. ಅವರ ಚೊಚ್ಚಲ ಹೆರಿಗೆ, ಮಗು ಹೊಟ್ಟೆಯಲ್ಲೇ ಸತ್ತು ಹುಟ್ಟಿತು. ಜ್ಞಾನಸ್ನಾನವಾಗದ ಮಗುವಿಗೆ ಪವಿತ್ರ ನೆಲದಲ್ಲಿ ಜಾಗವಿಲ್ಲ ಎಂಬುದು ಚರ್ಚಿನ ಆಗಿನ ಕಟ್ಟಳೆ. ಮಾವ ಅಟಿಲಿಯೋ ಹಣ್ಣಿನ ಮರದ ಪೆಟ್ಟಿಗೆಯೊಂದರಲ್ಲಿ ಮಗುವನ್ನಿಟ್ಟು, ಒಬ್ಬನೇ ಹೋಗಿ, ಬೇಲಿಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ, ಆದರೆ ಹೊರಗೆ, ಹೂತು ಬಂದ. ಹೆಂಡತಿಗೆ ಏನೂ ಹೇಳಲಿಲ್ಲ. ಹೆಂಡತಿ ಕೇಳಲೂ ಇಲ್ಲ. ಆ ರಸ್ತೆಯ ಮನೆಗಳಲ್ಲಿ ಇಂಥದನ್ನು ಗಂಡಸರು ಹೇಳುತ್ತಿರಲಿಲ್ಲ, ಹೆಂಗಸರು ಕೇಳುತ್ತಿರಲಿಲ್ಲ. ಬಾಣಂತಿ ಎದ್ದು ಓಡಾಡುವಂತಾದಾಗ ಮೈದುನನ ಗೋರಿ ನೋಡುವ ನೆಪ ಮಾಡಿ ಹೋದರು. ಬೇಲಿಯಾಚೆ ಹೊಸ ಮಣ್ಣು, ಸುತ್ತ ಬೋರಲು ನೆಟ್ಟ ಒಂಬತ್ತು ಬಾಟಲಿ. ಎಂಟು ಕಂದು, ಒಂದು ಹಸಿರು. ಆ ಹಸಿರು ಬಾಟಲಿ ಹಡಗಿನಲ್ಲಿ ಇಟಲಿಯ ತವರಿನಿಂದ ಎಣ್ಣೆ ತುಂಬಿಕೊಂಡು ಬಂದದ್ದು. ಮನೆಯಲ್ಲಿ ಹಸಿರು ಅಂತ ಇದ್ದದ್ದು ಅದೊಂದೇ. ತಾಯಿಗೆ ಇನ್ನೇನು ಹೇಳಬೇಕು?

ಒಂದೊಂದು ಮನೆಯವರದು ಒಂದೊಂದು ಲೆಕ್ಕ, ಒಂದೊಂದು ಗುರುತು. ಒಬ್ಬರು ಮೂರು ದೊಡ್ಡದು ಮೂರು ಸಣ್ಣದು ನೆಟ್ಟರು, ಇನ್ನೊಬ್ಬರು ಕುತ್ತಿಗೆಗೆ ತಂತಿ ಸುತ್ತಿ ನೆಟ್ಟರು. ಹೆಸರಿಲ್ಲ, ಶಿಲುಬೆ ಇಲ್ಲ. ಯಾರಿಗೆ ತಿಳಿಯಬೇಕೋ ಅವಳೊಬ್ಬಳಿಗೆ ತಿಳಿದರೆ ಸಾಕಿತ್ತು.

ಮದುವೆಯಾದ ವರ್ಷ, ಸತ್ತವರ ಹಬ್ಬದಲ್ಲಿ, ನಾನು ಒಂದು ವಿಚಿತ್ರ ಕಂಡಿದ್ದೆ. ಪೂಜೆ ಮುಗಿದು ಹೆಂಗಸರೆಲ್ಲ ಪಕ್ಕದ ಗೇಟಿನಿಂದ ಹೊರಟು ಬೇಲಿಯ ಗುಂಟ ನಡೆಯುವಾಗ, ಇದ್ದಕ್ಕಿದ್ದಂತೆ ಒಬ್ಬೊಬ್ಬರೂ ಒಂದೊಂದು ಕಡೆ ನಿಂತು, ಬೂಟು ಕಳಚಿ, ಕಲ್ಲು ಸಿಕ್ಕಿದೆಯೇನೋ ಎಂಬಂತೆ ಕೊಡವಿ, ಬಗ್ಗಿಕೊಂಡೇ ತುಂಬ ಹೊತ್ತು ಇದ್ದು, ಆಮೇಲೆ ಹಾಕಿಕೊಳ್ಳುತ್ತಿದ್ದರು. ಪ್ರತಿ ವರ್ಷ. ಅದೇ ಜಾಗದಲ್ಲಿ. ನಾನು ಕಿಸಕ್ಕನೆ ನಕ್ಕಿದ್ದೆ.

"ಅತ್ತೆ, ನಿಮ್ಮೂರೋರ ಬೂಟಿಗೆ ಮಾತ್ರ ಹೆಂಗೆ ಕಲ್ಲು ಸಿಗುತ್ತೆ?"

"ನಮ್ಮ ಪಾದ ಮೆತ್ತಗೆ ಕಣೇ, ಸಣ್ಣ ಕಲ್ಲೂ ಚುಚ್ಚುತ್ತೆ. ನಿಮ್ಮದು ಗೊರಸು, ಗೊತ್ತಾಗಲ್ಲ."

ಆ ಮಾತನ್ನು ಎಷ್ಟು ಮದುವೆ ಮನೆಗಳಲ್ಲಿ ತಮಾಷೆಗೆಂದು ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ಈಗ ನೆನೆದರೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ಆ ಹೆಂಗಸರು ವರ್ಷಕ್ಕೊಮ್ಮೆ ತಂತಮ್ಮ ಕೂಸಿನ ಬಳಿ ಬಗ್ಗಿ ನಿಲ್ಲುವಷ್ಟು ಹೊತ್ತನ್ನು ಹೀಗೆ ಕದಿಯುತ್ತಿದ್ದರು, ನಾನು ಪಕ್ಕದಲ್ಲಿ ನಿಂತು ಹಲ್ಲು ಕಿಸಿಯುತ್ತಿದ್ದೆ.

ಮಾನ್ಯರೇ, ಇದನ್ನೆಲ್ಲ ಹೇಳುವುದಕ್ಕೆ ಕಳೆದ ಮಂಗಳವಾರ ನಾನು ತಮ್ಮ ಕಚೇರಿಗೇ ಬಂದೆ. ತಾವು ಸಭ್ಯರು, ಕುರ್ಚಿ ಕೊಟ್ಟಿರಿ, ನೀರು ಕೊಟ್ಟಿರಿ. ನಮ್ಮ ಸಂಭಾಷಣೆಯನ್ನು ಓದುಗರ ಮುಂದಿಡುತ್ತೇನೆ. ಒಂದಕ್ಷರ ಕೂಡಿಸಿಲ್ಲ.

"ಸಮಾಧಿ ಆಗಿದೆ ಅನ್ನೋಕೆ ದಾಖಲೆ ಬೇಕಲ್ಲ ಮೇಡಂ. ಚರ್ಚಿನ ಪುಸ್ತಕ, ಮರಣ ಪತ್ರ, ಏನಾದ್ರೂ."

"ಚರ್ಚಿನ ಪುಸ್ತಕದಲ್ಲಿ ಬರೀಲಿಲ್ಲ ಅಂತಾನೇ ಅವು ಬೇಲಿ ಹೊರಗಿರೋದು ಸರ್. ಬಾಟಲಿ ಇದೆಯಲ್ಲ, ಬಂದು ನೋಡಿ."

"ಬಾಟಲಿನ ದಾಖಲೆ ಅಂತ ತಗೊಳ್ಳೋಕೆ ಬರಲ್ಲ. ಹೆಸರಿಲ್ಲ, ತಾರೀಖಿಲ್ಲ."

"ಹಾಗಾದ್ರೆ ಕಾಗದದಲ್ಲಿ ಇಲ್ಲದ್ದು ನೆಲದಲ್ಲೂ ಇಲ್ಲ ಅಂತೀರಾ?"

"ನಾನು ಹಾಗೆ ಹೇಳ್ಲಿಲ್ಲ. ನಮ್ಮ ಹತ್ರ ಇರೋ ದಾಖಲೆ ಒಂದೇ, ಅದು ನಿಮ್ಮದೇ."

ಎಂದು ತಾವು ಕಡತ ನನ್ನ ಕಡೆ ತಿರುಗಿಸಿದಿರಿ. ತಮ್ಮ ಕಚೇರಿಗೆ ಬರೆಯತೊಡಗಿದ ಆರನೇ ವರ್ಷದ ನನ್ನದೇ ಪತ್ರ, ನನ್ನದೇ ದುಂಡಗಿನ ಅಕ್ಷರ. "ಬೇಲಿಯ ಹೊರಗೆ ಕುಡುಕರು ಎಸೆದ ಬಾಟಲಿಗಳು ರಾಶಿ ಬಿದ್ದಿವೆ. ಸತ್ತವರ ಮರ್ಯಾದೆಗಾದರೂ ಈ ಕಸವನ್ನು ಎತ್ತಿಸಬೇಕಾಗಿ ವಿನಂತಿ." ನನ್ನ ಕೈಯಿಂದಲೇ ನನ್ನ ಕಣ್ಣು ಚುಚ್ಚಿಕೊಂಡಿದ್ದೆ. ಹಂದಿ ಕಿತ್ತು ಚೆಲ್ಲಿದ್ದನ್ನು ಕಂಡು ಕುಡುಕರ ಕೆಲಸ ಎಂದುಕೊಂಡೆ, ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಒತ್ತಾವಿಯೋ ಹೇಳುತ್ತಿದ್ದನೇ? ಅವನ ಅಕ್ಕನೂ ಅಲ್ಲೇ ಇದ್ದಾಳೆ ಎಂದು ಮೊನ್ನೆ ಹೇಳಿದ, ಅದೂ ಟ್ರ್ಯಾಕ್ಟರಿನ ಚಕ್ರದ ಕಡೆ ಮುಖ ಮಾಡಿಕೊಂಡು. ಎಷ್ಟು ಕೂಸುಗಳಿವೆ ಎಂದು ಕೇಳಿದರೆ ಹನ್ನೊಂದು ಎಂದ, ಆಮೇಲೆ ಹದಿನಾಲ್ಕೂ ಇರಬಹುದು ಎಂದ.

ತಪ್ಪು ನನ್ನದು, ಒಪ್ಪಿಕೊಂಡಿದ್ದೇನೆ, ಈಗ ಇಡೀ ಜಿಲ್ಲೆಯ ಮುಂದೆಯೂ ಒಪ್ಪಿಕೊಳ್ಳುತ್ತಿದ್ದೇನೆ. ಆದರೆ ತಮ್ಮ ತರ್ಕವನ್ನು ಒಮ್ಮೆ ನೋಡಿ. ಅಂದು ಪಾದ್ರಿಗಳು ಹೆಸರು ಬರೆಯಲಿಲ್ಲವೆಂದು ಈ ಕೂಸುಗಳು ಬೇಲಿಯ ಹೊರಗಾದವು. ಇಂದು ಹೆಸರು ಬರೆದಿಲ್ಲವೆಂದು ತಾವು ಬೇಲಿಯ ಹೊರಗಿಡುತ್ತೀರಿ. ಚರ್ಚು ಆ ಕಟ್ಟಳೆಯನ್ನು ಕೈಬಿಟ್ಟು ಎಷ್ಟೋ ಕಾಲವಾಯಿತು. ದೇವರ ಕಚೇರಿಯೇ ಮನಸ್ಸು ಬದಲಿಸಿದ ಮೇಲೂ ಕೌನ್ಸಿಲ್ ಕಚೇರಿ ಹಳೆಯ ಧರ್ಮವನ್ನು ಇಷ್ಟು ನಿಷ್ಠೆಯಿಂದ ಪಾಲಿಸುತ್ತಿರುವುದನ್ನು ಕಂಡರೆ ಕೈ ಮುಗಿಯಬೇಕೆನಿಸುತ್ತದೆ. ಹನ್ನೊಂದು ವರ್ಷ ನಾನು ಬರೆದದ್ದರಲ್ಲಿ ಒಂದು ಸಾಲನ್ನೂ ನಂಬದ ತಾವು, ನಾನು ತಪ್ಪಾಗಿ ಬರೆದ ಒಂದೇ ಸಾಲನ್ನು ಮಾತ್ರ ವೇದವಾಕ್ಯವೆಂದು ಹಿಡಿದುಕೊಂಡದ್ದು ಹೇಗೆ?

ಕಾರು ನಿಲ್ಲಿಸಲು ಬೇರೆ ಜಾಗವಿಲ್ಲವೆಂದಿರಿ. ರಸ್ತೆಯ ಆಚೆ ಒತ್ತಾವಿಯೋನ ಕಬ್ಬಿನ ಗದ್ದೆಯ ಅಂಚು ಇದೆ, ಟ್ರ್ಯಾಕ್ಟರ್ ತಿರುಗಿಸಲು ಬಿಟ್ಟ ಅಗಲ ನೆಲ. "ಬಸ್ಸೇ ನಿಲ್ಲಿಸ್ಲಿ, ನಾನೇನು ತಲೆ ಮೇಲೆ ಹೊತ್ಕೊಂಡು ಹೋಗ್ತೀನಾ?" ಎಂದು ಬರೆದು ಸಹಿ ಹಾಕಿಕೊಟ್ಟಿದ್ದಾನೆ. ಅದಕ್ಕೆ ವಿಮೆಯ ತೊಡಕಿದೆ ಎಂದಿರಿ. ಕೂಸುಗಳ ಎದೆಯ ಮೇಲೆ ಚಕ್ರ ಹಾಯಿಸುವುದಕ್ಕೆ ತೊಡಕಿಲ್ಲ, ಕಬ್ಬಿನ ಬದುವಿನ ಮೇಲೆ ಹಾಯಿಸುವುದಕ್ಕಿದೆ. ನನಗೆ ಅರ್ಥವಾಗಲಿಲ್ಲ, ಬಹುಶಃ ನನ್ನ ಗೊರಸುಬುದ್ಧಿ ಇರಬೇಕು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಗುರುವಾರದ ಯಂತ್ರವನ್ನು ತಡೆಯಿರಿ. ಗೂಟಗಳನ್ನು ಕಿತ್ತು ಹದಿನೈದು ಅಡಿ ಆಚೆ ನೆಡಿರಿ, ಕುಣಿ ತೋಡುವ ಕೂಲಿ ನಾವೇ ಮಾಡುತ್ತೇವೆ, ಹೆಲ್ಮೆಟ್ ಹಾಕಿಕೊಂಡೇ ಮಾಡುತ್ತೇವೆ. ನನ್ನ ಆರನೇ ವರ್ಷದ ಪತ್ರದ ಮೇಲೆ "ಸುಳ್ಳು" ಎಂದು ಬರೆಯಿರಿ, ನಾನು ಸಹಿ ಹಾಕುತ್ತೇನೆ. ಇನ್ನೊಂದಿದೆ.

ಮಂಗಳವಾರ ತಮ್ಮ ಕಚೇರಿಯಿಂದ ಮನೆಗೆ ಬಂದಾಗ ಅತ್ತೆ ಅಡಿಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದರು.

"ಏನಂದ ನಿನ್ನ ಸಾಹೇಬ?"

"ಹೆಸರಿಲ್ಲ, ತಾರೀಖಿಲ್ಲ, ಹಾಗಾಗಿ ಆಗಲ್ಲ ಅಂದ್ರು ಅತ್ತೆ."

ಅವರು ಸುಲಿಯುವುದನ್ನು ನಿಲ್ಲಿಸಿದರು.

"ಹೆಸರಿಲ್ಲ ಅಂತ ಅವನಿಗೆ ಯಾರು ಹೇಳಿದ್ದು?"

ಆಮೇಲೆ ಅವರು ಒಂದು ಹೆಸರು ಹೇಳಿದರು. ಮಾವನಿಗೂ ಹೇಳಿರಲಿಲ್ಲವಂತೆ. ತನಗಿಂತ ಮೊದಲು ಒಬ್ಬ ಅಕ್ಕ ಹುಟ್ಟಿದ್ದಳು ಎಂಬುದೇ ತಿಳಿಯದೆ ನನ್ನ ಗಂಡ ತೀರಿಕೊಂಡರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಎಪ್ಪತ್ತೆರಡು ವರ್ಷ ಅದನ್ನು ಇಟ್ಟುಕೊಂಡವರು ಅವರು, ಬಿಟ್ಟುಕೊಡುವ ಹಕ್ಕೂ ಅವರದೇ. ಬುಧವಾರದೊಳಗೆ ತಮ್ಮ ಸಮಾಧಿಗಳ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಮನೆಗೆ ಬನ್ನಿ. ತಾವು ಕೇಳಿದ ದಾಖಲೆ ಅಡಿಗೆಮನೆಯ ಮೇಜಿನ ಆಚೆ ಕೂತಿರುತ್ತದೆ. ಕಿವಿ ಮಂದ, ಸ್ವಲ್ಪ ಜೋರಾಗಿ ಮಾತಾಡಬೇಕು. ಪೆನ್ನು ತೆಗೆದು, ಮಗುವಿನ ಹೆಸರೇನಮ್ಮಾ ಎಂದು ಕೇಳಿ. ಇಷ್ಟು ವರ್ಷಗಳಲ್ಲಿ ಒಬ್ಬರೂ ಅವರನ್ನು ಕೇಳಿಲ್ಲ.

ಇಂತಿ,
ಕೂಸಿನ ಗೋರಿಯನ್ನು ಕಸವೆಂದು ಬರೆದುಕೊಟ್ಟ ಆ ಮನೆಯ ಸೊಸೆ,
ಲಿದಿಯಾ ತೆಸ್ಕಾರಿ
ಡೆವ್ಲಿನ್ ರಸ್ತೆ, ಉತ್ತರ ಕ್ವೀನ್ಸ್‌ಲ್ಯಾಂಡ್