ಮೂರನೆಯ ದಿನ ಊದಿದ ಕೈ

ಕೊಡಗು, ಮಾರ್ಚ್ ೧೯೬೦

ಪದ್ಮಾಕ್ಷಿ,

ನಿನ್ನ ಈಗಿನ ವಿಳಾಸ ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಇದನ್ನು ಅಂಚೆಗೆ ಹಾಕುವ ಧೈರ್ಯವಿಲ್ಲ.

ಸೋಮವಾರ ನಮ್ಮ ಕ್ಷಯದ ವಾರ್ಡಿನ ನರ್ಸುಗಳಿಗೆಲ್ಲ ಕ್ಷಯದ ಕ್ರಿಮಿ ಮೈಗೆ ಹೊಕ್ಕಿದೆಯೇ ಎಂದು ನೋಡಲು ಮುಂಗೈಗೆ ಪರೀಕ್ಷೆಯ ಸೂಜಿ ಚುಚ್ಚಿದರು. ಇವತ್ತು ನನ್ನ ಕೈ ಕೆಂಪಾಗಿ ಊದಿತ್ತು, ನಾಲ್ಕು ವರ್ಷದ ಹಿಂದೆ ನಿನ್ನದು ಊದಿದ ಹಾಗೆಯೇ. ಡಾಕ್ಟರು ಎಕ್ಸ್‌ರೇ ನೋಡಿ, "ಎದೆ ಚೆನ್ನಾಗಿದೆ ಸಿಸ್ಟರ್. ಕ್ರಿಮಿ ಒಳಗೆ ಸುಮ್ಮನೆ ಮಲಗಿದೆ, ಅಷ್ಟೇ. ಇದು ಕಾಯಿಲೆಯಲ್ಲ, ನಿಮ್ಮಿಂದ ಯಾರಿಗೂ ಅಂಟುವುದಿಲ್ಲ. ಡ್ಯೂಟಿಗೆ ಹೋಗಿ," ಎಂದರು.

ಅಂದು ನಿನ್ನ ಎಕ್ಸ್‌ರೇ ಕೂಡ ಚೆನ್ನಾಗಿತ್ತು. ನೀನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನನಗೆ ತೋರಿಸಿದ್ದೆ. ಆದರೂ ನಾನು ಮೇಟ್ರನ್ ಹತ್ತಿರ ಹೋಗಿ, ನಮ್ಮಿಬ್ಬರ ರೂಮು ಬಿಟ್ಟು ಬೇರೆ ರೂಮು ಕೇಳಿದೆ. ಆಮೇಲೆ ಊಟಕ್ಕೆ ನಿನ್ನ ಪಕ್ಕ ಯಾರೂ ಕೂರಲಿಲ್ಲ. ತಿಂಗಳೊಳಗೆ ನೀನು ರಾಜೀನಾಮೆ ಕೊಟ್ಟು ಗೋಣಿಕೊಪ್ಪಲಿನ ಬಸ್ಸು ಹತ್ತಿದೆ.

ಮಧ್ಯಾಹ್ನ ದಣಿದು ರೂಮಿಗೆ ಬಂದವಳು, ಈಗ ನನ್ನ ಜೊತೆಗಿರುವ ಹೊಸ ನರ್ಸ್ ಯಮುನಳಿಗೆ ಕೈ ತೋರಿಸಿ, ಡಾಕ್ಟರು ಹೇಳಿದ್ದನ್ನೂ ತಿಳಿಸಿ, "ಬೇಕಾದರೆ ಬೇರೆ ರೂಮು ಕೇಳು," ಎಂದೆ.

"ಎಂತಕೆ ಅಕ್ಕ? ಡಾಕ್ಟ್ರು ಏನೂ ಇಲ್ಲ ಅಂದ್ರಲ್ಲ. ಬನ್ನಿ, ಅನ್ನ ಆರ್ತದೆ," ಎಂದು ಪಕ್ಕದಲ್ಲೇ ಕುಳಿತಳು.

ಇಪ್ಪತ್ತು ವರ್ಷದ ಹುಡುಗಿ, ಪದ್ಮಾಕ್ಷಿ. ಅಷ್ಟು ಹೇಳಲು ಅವಳಿಗೆ ಒಂದು ಗಳಿಗೆಯೂ ಹಿಡಿಯಲಿಲ್ಲ.

ನೀಲಾವತಿ