ಬಾಗಿಲು ಯಾರ ಬಲಕ್ಕೆ?

ಮಾನ್ಯ ಕಟ್ಟಡ ಪರವಾನಗಿ ಅಧಿಕಾರಿಗಳೇ,

ನನ್ನ ಮನೆಯ ಕೆಳಗಿನ ಅಂತಸ್ತಿನ ಒಂದು ಬಚ್ಚಲುಮನೆಗೆ ಈವರೆಗೆ ಹಿಡಿದದ್ದು ಇಷ್ಟು: ದಿನ ನಲವತ್ತೊಂದು, ಇಟ್ಟಿಗೆ ಆರುನೂರು, ತಿದ್ದುಪಡಿ ಹದಿಮೂರು, ಬಾಗಿಲು ಸೊನ್ನೆ. ನಾಲ್ಕು ಗೋಡೆಯೂ ಗಟ್ಟಿಮುಟ್ಟಾಗಿವೆ. ಒಳಗೆ ಹೋಗಲು ದಾರಿಯಿಲ್ಲ, ಅಷ್ಟೆ.

ಕಟ್ಟಡಕ್ಕೆ ಕೈಹಾಕುವವರೆಲ್ಲ ತಮಗೆ ತಿಳಿದದ್ದನ್ನು ಮೊಬೈಲಿನ ಒಂದೇ ಪುಟಕ್ಕೆ ಸೇರಿಸಬೇಕು, ಕೊನೆಯ ಸಾಲೇ ಅಂತಿಮ ಎಂದು ತಾವು ಅಪ್ಪಣೆ ಕೊಡಿಸಿದಿರಿ. ಆಲೋಚನೆ ಒಳ್ಳೆಯದೇ. ಮೊದಲೆಲ್ಲ ಒಬ್ಬೊಬ್ಬರ ಜೇಬಿನಲ್ಲಿ ಒಂದೊಂದು ಚೀಟಿ ಇದ್ದು ಬೆವರಿಗೆ ಅಳಿಸಿಹೋಗುತ್ತಿತ್ತು. ಈಗ ತಿಳಿವಳಿಕೆಯೆಲ್ಲ ಒಂದೆಡೆ ಸೇರಿತು. ಜನ ಮಾತ್ರ ಒಬ್ಬರಿಗೊಬ್ಬರು ಮಾತಾಡುವುದನ್ನು ಬಿಟ್ಟರು.

‘ಬಾಗಿಲು ಬಲಕ್ಕೆ’ ಎಂದು ನಾನು ಬರೆದೆ. ಬಚ್ಚಲೊಳಗೆ ನಿಂತಿದ್ದ ಮೇಸ್ತ್ರಿ ತನ್ನ ಬಲಕ್ಕೆ ಜಾಗ ಬಿಟ್ಟ. ಹಜಾರದಲ್ಲಿ ನಿಂತ ಬಡಗಿ ‘ಎಡಕ್ಕಿದೆ’ ಎಂದು ಬರೆದ. ಎಡಕ್ಕೆ ಬೇಕಂತೆ ಎಂದುಕೊಂಡ ಮೇಸ್ತ್ರಿ ಬಲಗಡೆಯದನ್ನು ಮುಚ್ಚಿ ಎಡಕ್ಕೆ ಗುರುತು ಹಾಕಿದ. ಬಡಗಿ ‘ಈಗ ಬಲಕ್ಕೆ, ಸರಿ’ ಎಂದು ಬರೆದ. ಮೇಸ್ತ್ರಿ ಹಣೆ ಚಚ್ಚಿಕೊಂಡು ಮುಚ್ಚಿದ್ದನ್ನೇ ಮತ್ತೆ ಒಡೆದ. ಐದಡಿ ಅಂತರದಲ್ಲಿ ಇಬ್ಬರೂ ತುಟಿಪಿಟಕ್ಕೆನ್ನದೆ ಹನ್ನೊಂದು ದಿನ ಹೀಗೇ ನಡೆಸಿದರು. ಕೊನೆಯ ಸಲ ಮೇಸ್ತ್ರಿ ಹೊರಗೆ ನಿಂತು ಎರಡೂ ಕಡೆ ಮುಚ್ಚಿದಾಗ ಪ್ಲಂಬರ್ ಒಳಗೇ ಇದ್ದ.

“ಅಣ್ಣಾ, ನಾನು ಒಳಗಿದ್ದೀನಿ.”

“ಮೊದಲೇ ಪುಟದಲ್ಲಿ ಹಾಕೋದಲ್ವಾ?”

“ಹಾಕಿದ್ದೆ. ನೀನು ನೋಡೋದು ಕೊನೇ ಸಾಲು ಮಾತ್ರ ತಾನೇ.”

ಗೋಡೆ ಸೂರು ಮುಟ್ಟಲು ಎರಡಡಿ ಬಾಕಿಯಿದ್ದದ್ದು ಅವನ ಪುಣ್ಯ.

ಈ ಬಚ್ಚಲು ಯಾರಿಗೆಂದು ತಾವು ಕೇಳಲಿಲ್ಲ. ನನ್ನ ಅಕ್ಕನಿಗೆ. ನನ್ನ ಹೊಲಿಗೆ ಅಂಗಡಿಯಲ್ಲಿ ಇಪ್ಪತ್ತು ವರ್ಷ ಗುಂಡಿಗಳಿಗೆ ಕಾಜಾ ಹಾಕಿದವಳು. ಈಗ ಮಂಡಿ ಮೆಟ್ಟಿಲಿಗೆ ಒಪ್ಪುವುದಿಲ್ಲ. ಕೆಳಗೆ ಬಚ್ಚಲಾಗುವ ತನಕ ಮಹಡಿಯ ಬಚ್ಚಲೇ ಗತಿ. ಸುದ್ದಿ ಕೇಳಿ ಅವಳು ಹೇಳಿದ್ದು: “ದರ್ಜಿ ಆಗಿದ್ದುಕೊಂಡು, ಜೇಬು ಹೊಲಿದು ಬಾಯೇ ಮುಚ್ಚಿಬಿಟ್ಟೆಯಲ್ಲೇ.”

ದೂರು ಕೊಟ್ಟೆ. ತಮ್ಮ ಕಚೇರಿಯ ಉತ್ತರ: ‘ದಾಖಲೆಯಂತೆ ಬಲಕ್ಕೊಂದು, ಎಡಕ್ಕೊಂದು, ಹೀಗೆ ಎರಡು ಬಾಗಿಲುಗಳಿದ್ದು, ಹೆಚ್ಚುವರಿ ಬಾಗಿಲನ್ನು ಏಳು ದಿನದೊಳಗೆ ಮುಚ್ಚತಕ್ಕದ್ದು. ಅಲ್ಲಿಯವರೆಗೆ ಬೇರಾವ ಕಾಮಗಾರಿಯೂ ಕೂಡದು.’ ಇಲ್ಲದ ಬಾಗಿಲನ್ನು ಒಳಗಿನಿಂದ ಮುಚ್ಚಲೋ, ಹೊರಗಿನಿಂದಲೋ?

ನಮ್ಮ ಕಸುಬಿನಲ್ಲಿ ಬಲ ಎಂದರೆ ತೊಟ್ಟವರ ಬಲ. ಗಿರಾಕಿ ಎದುರಿಗೇ ನಿಲ್ಲಲಿ, ಕನ್ನಡಿಯಲ್ಲೇ ಕಾಣಲಿ, ಜೇಬು ಜಾಗ ತಪ್ಪುವುದಿಲ್ಲ. ಹೇಳಿದವರು ಎಲ್ಲಿ ನಿಂತಿದ್ದರೆಂದು ಗೊತ್ತಿಲ್ಲದ ಮೇಲೆ ಸಾವಿರ ಜನರ ತಿಳಿವಳಿಕೆ ಸೇರಿಸಿ ಏನು ಉಪಯೋಗ? ಆದ್ದರಿಂದ ಆ ಪುಟದಲ್ಲಿ ‘ಎಲ್ಲಿ ನಿಂತು ಹೇಳುತ್ತಿದ್ದೀರಿ?’ ಎಂಬ ಒಂದು ಸಾಲು ಸೇರಿಸಿ. ಬರುವ ಸೋಮವಾರದೊಳಗೆ ನನ್ನ ಗೋಡೆ ಒಡೆಯಲು ಅನುಮತಿ ಕೊಡಿ.

ಈ ವ್ಯವಹಾರದಲ್ಲಿ ಯಾರಿಗೆ ಏನು ದಕ್ಕಿತೆಂದರೆ: ಮೇಸ್ತ್ರಿಗೆ ಒಂದೇ ಗೋಡೆಯಲ್ಲಿ ಏಳು ಗೋಡೆಯ ಕೆಲಸ. ಪ್ಲಂಬರ್‌ಗೆ ಗೋಡೆ ಹಾರುವ ವಿದ್ಯೆ. ಬಡಗಿಗೆ, ತಾನು ಬರೆದದ್ದೆಲ್ಲ ನಿಜವೇ ಎಂಬ ಸಮಾಧಾನ. ತಮ್ಮ ಕಚೇರಿಗೆ ಎರಡು ಬಾಗಿಲು. ಅಕ್ಕನಿಗೆ, ಇನ್ನೂ ಏನೂ ಇಲ್ಲ.

ಇಂತಿ,
ಎಲ್ಲಿ ನಿಂತು ಹೇಳುತ್ತಿದ್ದೇನೆಂದು ತಾನೂ ಬರೆಯದೇ ಹೋದ ಒಬ್ಬ ದರ್ಜಿ